‘ಸುಮ್ಮನೆ ಹೇಳಿದೆ’ ಎನ್ನುವ ಮೊದಲು



ಭಾನುವಾರದ ಬಲಿಪೂಜೆ ಮುಗಿದು ದೇವಾಲಯದ ಹೊಸ್ತಿಲು ದಾಟಿದ ಕೂಡಲೇ ನಮ್ಮಲ್ಲಿ ಇನ್ನೊಂದು ಸಭೆ ಆರಂಭವಾಗುತ್ತದೆ. ಅದಕ್ಕೆ ಗಂಟೆ ಬಾರಿಸಬೇಕಿಲ್ಲ, ಆಹ್ವಾನವೂ ಬೇಕಿಲ್ಲ. ಅಂಗಳದ ಮರದ ನೆರಳಿನಲ್ಲಿ, ಸಾಲಾಗಿ ನಿಂತ ಸ್ಕೂಟರುಗಳ ಪಕ್ಕದಲ್ಲಿ, ರಾಜ್ಯದ ರಾಜಕಾರಣವೆಲ್ಲ ಹತ್ತೇ ನಿಮಿಷಗಳಲ್ಲಿ ಇತ್ಯರ್ಥವಾಗಿಬಿಡುತ್ತದೆ. ಯಾವ ಮಂತ್ರಿ ಎಷ್ಟು ನುಂಗಿದ, ಯಾವ ನಟನ ಸಂಸಾರ ಏಕೆ ಮುರಿಯಿತು, ಪಕ್ಕದೂರಿನ ಕಳ್ಳತನ ಯಾವ ಜನರ ಕೆಲಸ, ಮೇಲಿನ ಬೀದಿಯ ಮನೆಗೆ ಹೊಸ ಕಾರು ಎಲ್ಲಿಂದ ಬಂತು ಎಂಬ ಎಲ್ಲ ಪ್ರಶ್ನೆಗಳಿಗೂ ತೀರ್ಪು ಸಿದ್ಧವಾಗಿರುತ್ತದೆ. ಸಾಕ್ಷಿ ಎಲ್ಲಿದೆಯೆಂದು ಕೇಳುವವರಿಲ್ಲ. ಯಾರಾದರೂ ಕೇಳಿಬಿಟ್ಟರೆ ಅದಕ್ಕೂ ಉತ್ತರ ಸಿದ್ಧ: “ಅಯ್ಯೋ ಫಾದರ್, ಸುಮ್ಮನೆ ಹೇಳಿದೆ.”

ಈ ಲೇಖನ ಆ ‘ಸುಮ್ಮನೆ’ ಎಂಬ ಪದದ ವಿರುದ್ಧ. ಹಗುರವಾಗಿ ಆಡಿದ ಅಭಿಪ್ರಾಯಕ್ಕೆ ಬೆಲೆಯೇನೂ ಇಲ್ಲವೆಂದು ನಾವು ನಂಬಿಕೊಂಡಿದ್ದೇವೆ. ಬೆಲೆ ಖಂಡಿತ ಇದೆ. ಆದರೆ ಆಡಿದವನು ಅದನ್ನು ಕೊಡುವುದಿಲ್ಲ. ಬೇರೆ ಯಾರೋ ತೆರುತ್ತಾರೆ.

2012ರ ಆಗಸ್ಟ್ ತಿಂಗಳನ್ನು ನೆನಪಿಸಿಕೊಳ್ಳಿ. ಅಸ್ಸಾಮಿನಲ್ಲಿ ಗಲಭೆ ನಡೆದಿತ್ತು. ಈಶಾನ್ಯ ರಾಜ್ಯಗಳವರ ಮೇಲೆ ಬೆಂಗಳೂರಿನಲ್ಲಿ ದಾಳಿಯಾಗಲಿದೆ ಎಂಬ ಗಾಳಿಮಾತು ಮೊಬೈಲಿನ ಕಿರುಸಂದೇಶಗಳ ಮೂಲಕ ಹಬ್ಬಿತು. ಹೋಟೆಲುಗಳಲ್ಲಿ ಬಡಿಸುತ್ತಿದ್ದ, ಕಟ್ಟಡಗಳನ್ನು ಕಾಯುತ್ತಿದ್ದ, ಕಾಲೇಜುಗಳಲ್ಲಿ ಓದುತ್ತಿದ್ದ ಸಾವಿರಾರು ಯುವಕ ಯುವತಿಯರು ಕೈಗೆ ಸಿಕ್ಕ ಚೀಲ ಹಿಡಿದು ರೈಲು ನಿಲ್ದಾಣಕ್ಕೆ ಓಡಿದರು. ಗುವಾಹಟಿಗೆ ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಐದಕ್ಕಿಂತ ಹೆಚ್ಚು ಜನರಿಗೆ ಸಗಟಾಗಿ ಕಿರುಸಂದೇಶ ಕಳುಹಿಸುವುದನ್ನು ಕೇಂದ್ರ ಸರ್ಕಾರ 15 ದಿನಗಳ ಕಾಲ ನಿರ್ಬಂಧಿಸಿತು. ಆ ಸಂದೇಶವನ್ನು ಮುಂದಕ್ಕೆ ಕಳುಹಿಸಿದವರಲ್ಲಿ ಬಹುಪಾಲು ಜನ ದುಷ್ಟರಾಗಿರಲಿಲ್ಲ. ‘ಗೊತ್ತಿರಲಿ ಎಂದು ಸುಮ್ಮನೆ’ ಕಳುಹಿಸಿದವರು.

ಆರು ವರ್ಷಗಳ ಬಳಿಕ ಅದೇ ರೋಗ ಇನ್ನಷ್ಟು ಉಲ್ಬಣಗೊಂಡಿತು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವದಂತಿ ವಾಟ್ಸಾಪಿನಲ್ಲಿ ಹರಿದಾಡಿತು. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಒಬ್ಬ ಯುವಕನನ್ನು ಜನ ಹೊಡೆದು ಕೊಂದರು. ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದ ಬಳಿ ಹೈದರಾಬಾದಿನ ಒಬ್ಬ ಎಂಜಿನಿಯರನ ಪ್ರಾಣ ಹೋಯಿತು. ಅವನ ಗುಂಪಿನವರು ಮಾಡಿದ ಅಪರಾಧವೇನು? ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕಲೇಟು ಕೊಟ್ಟಿದ್ದರು, ಅಷ್ಟೇ. ಕಾರು ಆ ಊರು ತಲುಪುವ ಮುಂಚೆಯೇ ಮೊಬೈಲಿನ ತೀರ್ಪು ತಲುಪಿತ್ತು. ಅದೇ ತಿಂಗಳು ವಾಟ್ಸಾಪ್ ಸಂಸ್ಥೆಯು ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ರವಾನಿಸದಂತೆ ಮಿತಿ ಹೇರಿತು.

ಗಮನಿಸಿದಿರಾ? ಎರಡು ಬಾರಿಯೂ ಐದು. ಸರ್ಕಾರವಾಗಲಿ ಸಂಸ್ಥೆಯಾಗಲಿ ಕಟ್ಟಿಹಾಕಿದ್ದು ಯಂತ್ರವನ್ನು ಮಾತ್ರ. ನಾಲಗೆಗೆ ಅಂಥ ಮಿತಿ ಹಾಕುವ ಅಧಿಕಾರ ಯಾರಿಗೂ ಇಲ್ಲ. ಆ ಅಧಿಕಾರವಿರುವುದು ನಾಲಗೆಯ ಒಡೆಯನಾದ ತಮಗೆ ಮಾತ್ರ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದರು ನಮ್ಮ ಹಿರಿಯರು. ನಾವಾದರೋ, ‘ಎತ್ತು ಈಯಿತು’ ಎಂದೊಡನೆ ‘ಕೊಟ್ಟಿಗೆಗೆ ಕಟ್ಟು’ ಎನ್ನುವವರಾಗಿದ್ದೇವೆ.

“ನಾವೇನು ಕೋಲು ಹಿಡಿದು ಹೋದವರಲ್ಲವಲ್ಲ, ಫಾದರ್?” ಎಂದು ತಾವು ಕೇಳಬಹುದು. ನಿಜ. ನಾನೂ ಕೋಲು ಹಿಡಿದವನಲ್ಲ. ಆದರೂ ಒಂದು ಮನೆಯ ಅನ್ನಕ್ಕೆ ಕಲ್ಲು ಹಾಕಿದವನು ನಾನು. ಅದನ್ನಿಲ್ಲಿ ಒಪ್ಪಿಕೊಳ್ಳದೆ ಇತರರಿಗೆ ಬುದ್ಧಿ ಹೇಳುವ ಅರ್ಹತೆ ನನಗಿಲ್ಲ.

ಬಹಳ ವರ್ಷಗಳ ಹಿಂದೆ ನಾನೊಂದು ಸಣ್ಣ ಪಟ್ಟಣದ ಧರ್ಮಕೇಂದ್ರದಲ್ಲಿ ಸೇವೆ ಸಲ್ಲಿಸುತ್ತಿದ್ದೆ. ದೇವಾಲಯದ ಹಿಂದಿನ ಬೀದಿಯಲ್ಲಿ ಒಬ್ಬ ಮೇಷ್ಟ್ರು ಮನೆಯಲ್ಲೇ ಮಕ್ಕಳಿಗೆ ಪಾಠ ಹೇಳಿಕೊಟ್ಟು ಜೀವನ ಸಾಗಿಸುತ್ತಿದ್ದರು. ಒಂದು ದಿನ ಸ್ಥಳೀಯ ಪತ್ರಿಕೆಯೊಂದರಲ್ಲಿ, ಚೀಟಿ ಹಣ ನುಂಗಿ ಪರಾರಿಯಾದವನ ಸುದ್ದಿ ಬಂತು. ಹೆಸರು ಅದೇ, ಊರೂ ಅದೇ. ಸಂಜೆ ಒಂದು ಮನೆಯಲ್ಲಿ ಜಪಸರ ಮುಗಿದ ಮೇಲೆ ಮಾತು ಆ ಕಡೆ ತಿರುಗಿತು. “ಇವರೇ ಇರಬಹುದೇ ಫಾದರ್?” ಎಂದು ಯಾರೋ ಕೇಳಿದರು. ಕಾಫಿ ಲೋಟ ಕೆಳಗಿಡುತ್ತ ನಾನೆಂದೆ: “ಬೆಂಕಿಯಿಲ್ಲದೆ ಹೊಗೆ ಏಳುವುದುಂಟೇ?”

ನಾನು ಆಡಿದ್ದು ಒಂದೇ ವಾಕ್ಯ. ಮರೆತೂಬಿಟ್ಟೆ. ಊರು ಮರೆಯಲಿಲ್ಲ. “ಫಾದರೇ ಹಾಗೆಂದರಂತೆ” ಎಂಬ ಮುದ್ರೆ ಬಿದ್ದ ಮೇಲೆ ಅದು ಅನುಮಾನವಾಗಿ ಉಳಿಯಲಿಲ್ಲ, ತೀರ್ಪಾಯಿತು. ಕೆಲವೇ ದಿನಗಳಲ್ಲಿ ಮೇಷ್ಟ್ರ ಜಗಲಿ ಬರಿದಾಯಿತು. ತಿಂಗಳೊಳಗೆ ನಿಜವಾದ ಆರೋಪಿ ಸಿಕ್ಕಿಬಿದ್ದ; ಅವನು ಅದೇ ಹೆಸರಿನ ಬೇರೊಬ್ಬ. ಪತ್ರಿಕೆ ಮೂಲೆಯಲ್ಲೆಲ್ಲೋ ಎರಡು ಸಾಲು ಹಾಕಿ ಸುಮ್ಮನಾಯಿತು. ಮಕ್ಕಳಂತೂ ಮರಳಿ ಬರಲಿಲ್ಲ. ಹೊತ್ತಿಗಾಗಲೇ ಬೇರೆ ಕಡೆ ಸೇರಿಕೊಂಡಿದ್ದರು. ವಿಷಯ ತಿಳಿದು ನಾನು ಕ್ಷಮೆ ಕೇಳಲು ಹೋದಾಗ ಅವರು ಕೋಪಿಸಿಕೊಳ್ಳಲಿಲ್ಲ. ಕುರ್ಚಿ ಕೊಟ್ಟು, ನೆಲ ನೋಡುತ್ತ ಇಷ್ಟೇ ಹೇಳಿದರು: “ಫಾದರ್, ನಮ್ಮ ಮನೆ ದೇವಾಲಯದ ಹಿಂದೆಯೇ ಇದೆ. ನೀವೊಮ್ಮೆ ಬಂದು ಕೇಳಬಹುದಿತ್ತು.”

ಆ ವರ್ಷವೇ ಅವರು ಸಂಸಾರ ಸಮೇತ ಊರು ಬಿಟ್ಟರು.

ಗುರುಮಠದಲ್ಲಿ ನೀತಿಶಾಸ್ತ್ರ ಓದುವಾಗ ಎಂಟನೆಯ ಕಟ್ಟಳೆಯ ಪಾಠವನ್ನು ನಾನು ಬಾಯಿಪಾಠ ಮಾಡಿದ್ದೆ. ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಇಲ್ಲಿ ಮೂರು ತಪ್ಪುಗಳನ್ನು ಬೇರ್ಪಡಿಸುತ್ತದೆ. ಸಾಕಷ್ಟು ಆಧಾರವಿಲ್ಲದೆ ನೆರೆಯವನ ತಪ್ಪನ್ನು ನಿಜವೆಂದು ನಂಬುವುದು ದುಡುಕಿನ ತೀರ್ಪು. ತಪ್ಪು ನಿಜವೇ ಆಗಿದ್ದರೂ ತಕ್ಕ ಕಾರಣವಿಲ್ಲದೆ ಅದನ್ನು ತಿಳಿಯದವರಿಗೆ ಬಯಲು ಮಾಡುವುದು ಪರದೂಷಣೆ. ಸುಳ್ಳು ಹೇಳಿ ಹೆಸರು ಕೆಡಿಸುವುದು ಅಪನಿಂದೆ. ಮೂರನೆಯದನ್ನು ಎಲ್ಲರೂ ಪಾಪವೆನ್ನುತ್ತಾರೆ. ಮೊದಲ ಎರಡನ್ನು ನಾವು ‘ಮಾತುಕತೆ’ ಎನ್ನುತ್ತೇವೆ. ಇನ್ನೂ ಒಂದು ಮಾತು ಅಲ್ಲಿದೆ: ಇನ್ನೊಬ್ಬರ ಹೆಸರಿಗೆ ತಂದ ಹಾನಿಯನ್ನು, ಪಾಪಕ್ಕೆ ಕ್ಷಮೆ ದೊರೆತ ಮೇಲೂ ಸರಿಪಡಿಸುವ ಹೊಣೆ ಉಳಿಯುತ್ತದೆ. ಕದ್ದ ಹಣವನ್ನು ಹಿಂತಿರುಗಿಸಬಹುದು. ಕದ್ದ ಹೆಸರನ್ನು ಯಾವ ಮನೆಗಳಿಂದ ಸಂಗ್ರಹಿಸಿ ತರುವುದು?

ಈಗ ಇನ್ನೂ ಕಹಿಯಾದ ಮಾತು. 2008ರ ಸೆಪ್ಟೆಂಬರ್ 14ರ ಭಾನುವಾರ ಮಂಗಳೂರು ಮತ್ತು ಸುತ್ತಲಿನ ಜಿಲ್ಲೆಗಳಲ್ಲಿ ನಮ್ಮ ಪ್ರಾರ್ಥನಾಲಯಗಳ ಮೇಲೆ ನಡೆದ ದಾಳಿಗಳನ್ನು ನಾವು ಮರೆತಿಲ್ಲ. ಆ ಕಲ್ಲುಗಳಿಗಿಂತ ಮುಂಚೆ ಮಾತುಗಳು ಬಂದಿದ್ದವು. ‘ಅವರು ಹಣ ಕೊಟ್ಟು ಮತಾಂತರ ಮಾಡುತ್ತಾರೆ’ ಎಂದು ಬಸ್ಸಿನಲ್ಲಿ, ಚಹಾದಂಗಡಿಯಲ್ಲಿ, ಮದುವೆ ಮನೆಯಲ್ಲಿ ಹಗುರವಾಗಿ ಆಡಿದ ಮಾತುಗಳು. ಅಂದು ನಾವು ನೊಂದು ಕೇಳಿದ್ದು ಒಂದೇ ಪ್ರಶ್ನೆ: ಇಷ್ಟು ವರ್ಷ ನೆರೆಯಲ್ಲೇ ಇದ್ದೇವೆ, ಒಬ್ಬರಾದರೂ ನಮ್ಮಲ್ಲಿಗೆ ಬಂದು ವಿಚಾರಿಸಿದರೇ?

ಅದೇ ನಾವು 2020ರ ಏಪ್ರಿಲ್‌ನಲ್ಲಿ ಏನು ಮಾಡಿದೆವು? ಕೊರೋನಾ ಕಾಲದಲ್ಲಿ ದೆಹಲಿಯ ತಬ್ಲೀಗ್ ಸಭೆಯ ಸುದ್ದಿ ಬಂದೊಡನೆ, ತಳ್ಳುಗಾಡಿಯ ಹಣ್ಣಿನವನ ಹೆಸರು ಕೇಳಿಕೊಂಡು ಬಾಗಿಲು ಹಾಕಿದವರು ನಮ್ಮ ಧರ್ಮಕೇಂದ್ರಗಳಲ್ಲಿಯೂ ಇದ್ದರು. ‘ಅವರು ಬೇಕೆಂದೇ ಹರಡುತ್ತಿದ್ದಾರೆ’ ಎಂಬ ಸಂದೇಶಗಳು ಜಪಸರದ ಗುಂಪುಗಳಲ್ಲಿ, ಪ್ರಾರ್ಥನೆಗಳ ನಡುವೆಯೇ ಬಂದು ಬಿದ್ದವು. ಅದೇ ವರ್ಷದ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು ಆ ಸಭೆಗೆ ಬಂದಿದ್ದ ವಿದೇಶಿಯರ ಮೇಲಿನ ಪ್ರಕರಣಗಳನ್ನು ರದ್ದುಪಡಿಸಿ, ಅವರನ್ನು ಬಲಿಪಶುಗಳನ್ನಾಗಿ ಮಾಡಲಾಯಿತೆಂಬ ಅಭಿಪ್ರಾಯ ವ್ಯಕ್ತಪಡಿಸಿತು. ಆ ತೀರ್ಪನ್ನು ಎಷ್ಟು ಮಂದಿ ಅದೇ ಗುಂಪುಗಳಿಗೆ ರವಾನಿಸಿದೆವು? ವಿಷ ಹಂಚುವಾಗ ಇದ್ದ ಉತ್ಸಾಹ ಮದ್ದು ಹಂಚುವಾಗ ಏಕಿರಲಿಲ್ಲ? ನಮಗೆ ನೋವಾದಾಗ ಅದು ಅನ್ಯಾಯ, ಇನ್ನೊಬ್ಬರಿಗಾದಾಗ ‘ಸುಮ್ಮನೆ ಒಂದು ಅಭಿಪ್ರಾಯ’ ಎನ್ನುವುದಾದರೆ, ನಾವು ಕೇಳುತ್ತಿರುವುದು ನ್ಯಾಯವಲ್ಲ, ರಿಯಾಯಿತಿ.

“ಹಾಗಾದರೆ ಬಾಯಿ ಮುಚ್ಚಿಕೊಂಡಿರಬೇಕೇ? ಇದು ಪ್ರಜಾಪ್ರಭುತ್ವವಲ್ಲವೇ?” ಈ ಆಕ್ಷೇಪ ಸರಿಯಾದದ್ದೇ. ಪ್ರವಾದಿಗಳು ಅರಸರೆದುರು ಬಾಯಿ ಮುಚ್ಚಿ ನಿಲ್ಲಲಿಲ್ಲ. ಅನ್ಯಾಯದೆದುರು ಮೌನವೂ ಪಾಪವೇ. ನಾನು ಬೇಡವೆನ್ನುತ್ತಿರುವುದು ಅಭಿಪ್ರಾಯವನ್ನಲ್ಲ, ಪುಕ್ಕಟೆ ಅಭಿಪ್ರಾಯವನ್ನು. ಪ್ರವಾದಿ ತನ್ನ ಮಾತಿಗೆ ತಾನೇ ಬೆಲೆ ತೆತ್ತ. ನಾವು ಏನನ್ನು ತೆರುತ್ತಿದ್ದೇವೆ?

ಲೆಕ್ಕ ನೋಡೋಣ. 2024ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ ಒಟ್ಟು ಮತದಾನ ಶೇ. 70ನ್ನು ದಾಟಿತು. ದಿನವಿಡೀ ರಾಜಕೀಯವನ್ನೇ ಚರ್ಚಿಸುವ ಬೆಂಗಳೂರಿನ ಉತ್ತರ, ಕೇಂದ್ರ, ದಕ್ಷಿಣ ಈ ಮೂರು ಕ್ಷೇತ್ರಗಳಲ್ಲಿ ಅದು ಶೇ. 55ನ್ನೂ ಮುಟ್ಟಲಿಲ್ಲ. ಹಳ್ಳಿಗಳಲ್ಲಿರುವವರು ನಗಬೇಡಿ. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕು. ಊರಿನ ಕುಡಿಯುವ ನೀರು, ರಸ್ತೆ, ಮನೆ ಹಂಚಿಕೆಯ ಫಲಾನುಭವಿಗಳ ಪಟ್ಟಿ, ಇವೆಲ್ಲ ಮತದಾರರ ಮುಂದೆ ಬರಬೇಕಾದ ಜಾಗ ಅದು. ತಾವು ಕಳೆದ ಬಾರಿ ಹೋಗಿದ್ದಿರಾ? ‘ಪಂಚಾಯಿತಿಯವರೆಲ್ಲ ಕಳ್ಳರು’ ಎನ್ನಲು ಖರ್ಚಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ, ಯಾವ ಕಾಮಗಾರಿಗೆ ಎಷ್ಟು ಹಣ ಹೋಯಿತೆಂದು ಕೇಳಲು 10 ರೂಪಾಯಿ ಶುಲ್ಕ. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡಬೇಕು. ಬಡತನ ರೇಖೆಗಿಂತ ಕೆಳಗಿನವರಿಗೆ ಆ ಹತ್ತು ರೂಪಾಯಿಯೂ ಇಲ್ಲ. ಆ ಹತ್ತು ರೂಪಾಯಿ ಖರ್ಚು ಮಾಡಿ, ಬಂದ ಉತ್ತರವನ್ನು ಓದಿ, ಅನಂತರ ತಾವು ‘ಕಳ್ಳ’ ಎಂದರೆ ಆ ಮಾತಿಗೆ ತೂಕವಿರುತ್ತದೆ. ಅದಕ್ಕೆ ಮುಂಚಿನದು ಬರಿಯ ಬಾಯಿಚಪಲ.

ಚಿತ್ರರಂಗದ ಮಾತಿಗೂ ಇದೇ ಅಳತೆಗೋಲು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹಠಾತ್ತನೆ ತೀರಿಕೊಂಡರು. ನಾಡೇ ಅತ್ತಿತು. ಆ ದುಃಖದಿಂದ ಎರಡು ದಾರಿಗಳು ಒಡೆದವು. ವ್ಯಾಯಾಮವೇ ಕೊಂದಿತು, ವೈದ್ಯರೇ ತಪ್ಪು ಮಾಡಿದರು ಎಂದು ಏನೂ ತಿಳಿಯದವರು ಬೀದಿಬೀದಿಯಲ್ಲಿ ಮರಣೋತ್ತರ ಪರೀಕ್ಷೆ ನಡೆಸಿದರು. ಮೊದಲು ಅವರನ್ನು ನೋಡಿದ್ದ ವೈದ್ಯರಿಗೆ ಪೊಲೀಸ್ ಕಾವಲು ಒದಗಿಸುವಷ್ಟರ ಮಟ್ಟಿಗೆ ಅದು ಹೋಯಿತು. ಇನ್ನು ಕೆಲವರು ಬೇರೆಯದನ್ನು ಕಂಡರು. ಅವರ ದಾನ ಮಾಡಿದ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದಿತ್ತು. ಅದನ್ನು ಕೇಳಿ ಸಾವಿರಾರು ಮಂದಿ ನೇತ್ರದಾನಕ್ಕೆ ಹೆಸರು ಬರೆಸಿದರು. ಸುದ್ದಿ ಒಂದೇ, ಅಭಿಮಾನವೂ ಒಂದೇ. ಒಬ್ಬರ ಅಭಿಮಾನ ನಾಲಗೆಯಲ್ಲೇ ಮುಗಿಯಿತು; ಇನ್ನೊಬ್ಬರದು ಕೈಗೆ ಇಳಿಯಿತು.

ತಂದೆತಾಯಿಗಳೇ, ವಿಶೇಷವಾಗಿ ತಮಗೊಂದು ಮಾತು. ಊಟದ ತಟ್ಟೆಯ ಮುಂದೆ ತಾವು ಆಡುವ ಅಭಿಪ್ರಾಯಗಳನ್ನು ಮಕ್ಕಳು ಪಾಠದಂತೆ ಕಲಿಯುತ್ತಾರೆ. ಯಾವ ಜಾತಿಯವರು ಕಳ್ಳರು, ಯಾವ ಭಾಷೆಯವರು ನಂಬಿಕೆಗೆ ಅರ್ಹರಲ್ಲ, ಎಂಥ ಉಡುಪಿನ ಹುಡುಗಿ ಎಂಥವಳು ಎಂದು ತಾವು ಸುಮ್ಮನೆ ಹೇಳಿದ್ದನ್ನು ಅವರು ಸುಮ್ಮನೆ ಮರೆಯುವುದಿಲ್ಲ. ಶಾಲೆಯಲ್ಲಿ ಪಕ್ಕದ ಬೆಂಚಿನವನ ಮೇಲೆ ಪ್ರಯೋಗಿಸುತ್ತಾರೆ. ಧರ್ಮೋಪದೇಶದ ತರಗತಿಯಲ್ಲಿ ವಾರಕ್ಕೆ ಒಂದು ಗಂಟೆ ನಾವು ಕಲಿಸುವುದನ್ನು ಅಳಿಸಿಹಾಕಲು ಅಂಥ ಒಂದು ಸಂಜೆ ಸಾಕು.

ಪಾಪನಿವೇದನೆಯಲ್ಲಿ ‘ಕೋಪಿಸಿಕೊಂಡೆ, ಸುಳ್ಳು ಹೇಳಿದೆ’ ಎನ್ನುವುದು ನಮಗೆಲ್ಲ ರೂಢಿ. ‘ವಿಚಾರಿಸದೆ ತೀರ್ಪು ಕೊಟ್ಟೆ’ ಎನ್ನುವುದನ್ನೂ ಆ ಪಟ್ಟಿಗೆ ಸೇರಿಸಿಕೊಳ್ಳೋಣ. ನಾನು ಸೇರಿಸಿಕೊಂಡಿದ್ದೇನೆ. ಮುಂದಿನ ಭಾನುವಾರ ಅಂಗಳದಲ್ಲಿ ಯಾರದೋ ಹೆಸರು ಬಂದಾಗ, ತಮ್ಮ ಬಾಯಿಗೆ ಆ ಸಿದ್ಧ ವಾಕ್ಯ ಬಂದೇ ಬರುತ್ತದೆ. ಆಗ ಒಂದು ಕ್ಷಣ ತಡೆದು, “ನಿಮಗೆ ಇದು ಹೇಗೆ ಗೊತ್ತು?” ಎಂದು ಕೇಳಿ. ಮಾತು ಅಲ್ಲಿಗೇ ನಿಂತರೆ ನಿಲ್ಲಲಿ. ತಿಳಿಯಲೇಬೇಕೆನಿಸಿದರೆ, ಆ ಮನೆ ಬಹುಶಃ ದೂರವಿರುವುದಿಲ್ಲ. ಹಿಂದಿನ ಬೀದಿಯಲ್ಲೇ ಇರುತ್ತದೆ. ನಾನು ಹೋಗಲಿಲ್ಲ. ತಾವು ಹೋಗಿ, ಕೇಳಿ.