ಹೆಸರು ಯಾರದು, ಬೀಗದ ಕೈ ಯಾರಲ್ಲಿ?

ಕೊಪ್ಪಳದಿಂದ ಗಂಗಾವತಿಯ ಕಡೆಗೆ ಹೊರಟವರಿಗೆ ದಾರಿಯಲ್ಲಿ ಹೇಮಗುಡ್ಡ ಎದುರಾಗುತ್ತದೆ. ಪೇರಿಸಿಟ್ಟಂತಿರುವ ಬಂಡೆಗಳು, ಹಳೆಯ ಕೋಟೆಯ ಗೋಡೆಗಳು, ದಸರೆಗೆ ಸುತ್ತಲಿನ ಊರುಗಳ ಜನರನ್ನು ಸೆಳೆಯುವ ದುರ್ಗಾಪರಮೇಶ್ವರಿಯ ಗುಡಿ ಇಲ್ಲಿವೆ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆಯ ಭೂಮಿ ಬಹುಮಟ್ಟಿಗೆ ಮಳೆಯನ್ನೇ ನಂಬಿದ ಸಜ್ಜೆ, ಶೇಂಗಾ, ತೊಗರಿಯ ಹೊಲ. ಗಂಗಾವತಿಯ ಕಡೆಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಭತ್ತದ ಗದ್ದೆ. ಈ ಸೀಮೆಯ ಸಣ್ಣ ಉದ್ಯೋಗಗಳ ಮುಂದೆ ಈಗ ಒಂದು ಪ್ರಶ್ನೆಯಿದೆ. ಬೆಳೆದದ್ದನ್ನು, ಕೈಯಿಂದ ಮಾಡಿದ್ದನ್ನು ದೂರದ ಗ್ರಾಹಕರಿಗೆ ನೇರವಾಗಿ ಮಾರಲು ಸ್ವಂತ ಜಾಲತಾಣ ಬೇಕೆ? ಬೇಕಾದರೆ ಅದನ್ನು ಮಾಡಿಕೊಡುವ ವಿನ್ಯಾಸಕಾರರನ್ನು ಯಾವ ಕರಾರಿನ ಮೇಲೆ ನೇಮಿಸಿಕೊಳ್ಳಬೇಕು?

ಪರಿಸರ ಕಾಳಜಿಯ ಪತ್ರಿಕೆಗೆ ಈ ವಿಷಯವೇಕೆ ಎಂದು ಕೆಲವರಿಗೆ ಅನಿಸಬಹುದು. ಗುಡ್ಡ ಉಳಿಯಬೇಕೆಂದು ಹೇಳುವುದು ಸುಲಭ. ಗುಡ್ಡವನ್ನು ಒಡೆಯದೆ ಬದುಕುವ ದಾರಿಯೂ ಲಾಭದಾಯಕವಾಗಿರಬೇಕು. ಬಂಡೆಯನ್ನು ಸೀಳಿ ಗ್ರಾನೈಟ್ ಮಾಡಿ ಮಾರುವವರಿಗೆ ಮಾರುಕಟ್ಟೆ ಸಿದ್ಧವಾಗಿದೆ. ಗೊಂಬೆ ಕೆತ್ತುವವರಿಗೆ, ಬಾಳೆನಾರು ಹೆಣೆಯುವವರಿಗೆ, ಹುಣಸೆಹಣ್ಣು ಮಾರುವವರಿಗೆ ಮಾರುಕಟ್ಟೆ ಇನ್ನೂ ದೂರದಲ್ಲಿದೆ. ಅವರ ದುಡಿಮೆ ಸೋತರೆ ಕಲ್ಲುಕ್ವಾರಿಯ ವಾದವೇ ಗೆಲ್ಲುತ್ತದೆ.

ಎಲ್ಲರಿಗೂ ಜಾಲತಾಣ ಬೇಕಾಗಿಲ್ಲ ಎಂಬುದನ್ನು ಮೊದಲೇ ಹೇಳಬೇಕು. ಭತ್ತವನ್ನು ಹತ್ತಿರದ ಗಿರಣಿಗೇ ಕೊಡುವ ರೈತನಿಗೆ ಅದು ದಂಡದ ಖರ್ಚು. ಕಿನ್ನಾಳದ ಗೊಂಬೆಯ ಸಂಗತಿ ಬೇರೆ. ಹಗುರವಾದ ಮರ, ಮರದ ಪುಡಿ, ಗೋಣಿನಾರು ಮತ್ತು ಹುಣಸೆಬೀಜದ ಅಂಟಿನಿಂದ ಚಿತ್ರಗಾರರು ರೂಪಿಸುವ ಆ ಗೊಂಬೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಕೊಳ್ಳುವವರು ಬಹಳಷ್ಟು ಮಂದಿ ನಗರದವರು. ನಿಜವಾದ ಗೊಂಬೆ ಯಾವುದು, ಮಾಡಿದವರು ಯಾರು ಎಂದು ತಿಳಿಯಬಯಸುವವರು. ಆನೆಗುಂದಿಯಲ್ಲಿ 1997ರಲ್ಲಿ ಆರಂಭವಾದ ಕಿಷ್ಕಿಂಧಾ ಟ್ರಸ್ಟ್ ಬೆಳೆಸಿದ ಬಾಳೆನಾರಿನ ಕರಕುಶಲಕ್ಕೂ ಇದೇ ಮಾತು ಸಲ್ಲುತ್ತದೆ. ಇಂಥ ವಸ್ತುಗಳಿಗೆ ಜಾಲತಾಣವೆಂಬುದು ಅಂಗಡಿಯೂ ಹೌದು, ಗುರುತಿನ ಚೀಟಿಯೂ ಹೌದು.

ತೊಂದರೆ ಆರಂಭವಾಗುವುದು ನೇಮಕದ ಹಂತದಲ್ಲಿ. ಹಳ್ಳಿಯ ಸಂಘದವರು ಪಟ್ಟಣದ ವಿನ್ಯಾಸಕಾರರೊಬ್ಬರನ್ನು ಕಾಣುತ್ತಾರೆ. ಬಣ್ಣ ಯಾವುದು, ಚಿತ್ರ ಎಷ್ಟು, ದುಡ್ಡು ಎಷ್ಟು ಎಂಬಷ್ಟೇ ಮಾತಾಗುತ್ತದೆ. ಹೆಸರು ಯಾರ ಹೆಸರಿನಲ್ಲಿ ನೋಂದಣಿಯಾಗುತ್ತದೆ ಎಂದು ಯಾರೂ ಕೇಳುವುದಿಲ್ಲ. ಜಾಲತಾಣದ ಹೆಸರನ್ನು, ಅಂದರೆ ಡೊಮೈನನ್ನು, ಯಾರೂ ಶಾಶ್ವತವಾಗಿ ಕೊಳ್ಳಲಾರರು. ಒಂದು ವರ್ಷಕ್ಕೋ ಕೆಲವು ವರ್ಷಗಳಿಗೋ ನೋಂದಾಯಿಸಿ, ಅವಧಿ ಮುಗಿಯುವ ಮೊದಲು ನವೀಕರಿಸುತ್ತಿರಬೇಕು. ನವೀಕರಿಸದಿದ್ದರೆ ಕೆಲವು ದಿನಗಳ ಕಾಲಾವಕಾಶದ ನಂತರ ಅದನ್ನು ಯಾರು ಬೇಕಾದರೂ ಪಡೆಯಬಹುದು. ನೋಂದಣಿ ವಿನ್ಯಾಸಕಾರರ ಖಾತೆಯಲ್ಲಿದ್ದರೆ ನವೀಕರಣದ ನೆನಪೋಲೆ ಅವರಿಗೆ ಹೋಗುತ್ತದೆಯೇ ಹೊರತು ಸಂಘಕ್ಕೆ ಬರುವುದಿಲ್ಲ. ಅವರು ಊರು ಬಿಟ್ಟರೆ, ವೃತ್ತಿ ಬದಲಿಸಿದರೆ ಅಥವಾ ಬಾಕಿಯ ವಿಷಯದಲ್ಲಿ ಮನಸ್ತಾಪ ಬಂದರೆ, ಚೀಲಗಳ ಮೇಲೆ, ಚೀಟಿಗಳ ಮೇಲೆ ಅಚ್ಚಾದ ವಿಳಾಸ ಒಂದೇ ದಿನದಲ್ಲಿ ಬರಿದಾಗುತ್ತದೆ. ಭೌಗೋಳಿಕ ಸೂಚಕದ ಮಾನ್ಯತೆಯೂ ಈ ಹೆಸರನ್ನು ತಾನಾಗಿಯೇ ಕಾಯುವುದಿಲ್ಲ. ಡೊಮೈನ್ ಮೊದಲು ಕೇಳಿದವರಿಗೆ ಸಿಗುತ್ತದೆ.

ಇದರಲ್ಲಿ ವಿನ್ಯಾಸಕಾರರ ದುರುದ್ದೇಶವೇ ಇರುತ್ತದೆಂದು ತಿಳಿಯಬೇಕಿಲ್ಲ. ಸಂಘಕ್ಕೆ ಒಂದು ಇಮೇಲ್ ಇರುವುದಿಲ್ಲ, ಆನ್‌ಲೈನ್‌ನಲ್ಲಿ ಹಣ ಕಟ್ಟಲು ಯಾರೂ ಮುಂದಾಗುವುದಿಲ್ಲ; ಕೆಲಸ ನಿಲ್ಲಬಾರದೆಂದು ಅವರು ತಮ್ಮ ಖಾತೆಯಲ್ಲೇ ನೋಂದಾಯಿಸಿಬಿಡುತ್ತಾರೆ. ಹೊಲವನ್ನು ಕೋರಿಗೆ ಕೊಟ್ಟ ರೈತನು ಪಹಣಿಯಲ್ಲಿ ತನ್ನ ಹೆಸರಿದೆಯೇ ಎಂದು ವರ್ಷಕ್ಕೊಮ್ಮೆಯಾದರೂ ನೋಡಿಕೊಳ್ಳುತ್ತಾನೆ. ಜಾಲತಾಣದ ವಿಷಯದಲ್ಲಿ ಆ ಎಚ್ಚರ ತಪ್ಪಿದಾಗ ‘ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ’ ಎಂಬ ಗಾದೆ ನಿಜವಾಗುತ್ತದೆ.

ಪರಿಹಾರ ಕಷ್ಟದ್ದಲ್ಲ. ವಿನ್ಯಾಸಕಾರರನ್ನು ಹುಡುಕುವ ಮುನ್ನವೇ ಸಂಘದ ಹೆಸರಿನಲ್ಲಿ ಒಂದು ಇಮೇಲ್ ತೆರೆಯಬೇಕು. ಅದು ಕಾರ್ಯದರ್ಶಿಯ ಸ್ವಂತ ಇಮೇಲ್ ಆಗಿರಬಾರದು. ಡೊಮೈನ್ ಮತ್ತು ಹೋಸ್ಟಿಂಗ್ ಎರಡನ್ನೂ ಆ ಇಮೇಲ್‌ನಿಂದಲೇ, ಸಂಘದ ಹಣದಿಂದಲೇ ಪಡೆಯಬೇಕು. ಪಾಸ್‌ವರ್ಡ್ ಕನಿಷ್ಠ ಇಬ್ಬರು ಪದಾಧಿಕಾರಿಗಳಿಗೆ ತಿಳಿದಿರಬೇಕು. ನವೀಕರಣದ ದಿನಾಂಕ ಸಂಘದ ದಫ್ತರದಲ್ಲಿ ದಾಖಲಾಗಿರಬೇಕು. ಕೆಲಸ ಮಾಡಲು ಬೇಕಾದಷ್ಟು ಪ್ರವೇಶವನ್ನು ವಿನ್ಯಾಸಕಾರರಿಗೆ ಕೊಟ್ಟು, ಕೆಲಸ ಮುಗಿದ ಮೇಲೆ ಹಿಂಪಡೆಯಬಹುದು. ಬಡಿಗೇರನು ಬಾಗಿಲು ಕೂಡಿಸಿ ಹೋಗುತ್ತಾನೆ. ಬೀಗದ ಕೈ ಮನೆಯವರಲ್ಲೇ ಇರುತ್ತದೆ.

ಎರಡನೆಯದು ಬರೆಹದ ಕರಾರು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮಿನ ಪ್ರಕಾರ ಸಂಬಳದ ನೌಕರನು ಕೆಲಸದ ಭಾಗವಾಗಿ ಮಾಡಿದ ಕೃತಿ ಮಾಲೀಕನದಾಗುತ್ತದೆ. ಸ್ವತಂತ್ರವಾಗಿ ಗುತ್ತಿಗೆ ಹಿಡಿದ ವಿನ್ಯಾಸಕಾರರು ಬರೆದ ಕೋಡ್ ಹಾಗಲ್ಲ. ಬೇರೆ ಒಪ್ಪಂದವಿಲ್ಲದಿದ್ದರೆ ಅದರ ಮೊದಲ ಒಡೆತನ ಅವರದೇ. ಹಣ ಕೊಟ್ಟು ಹೇಳಿ ತೆಗೆಸಿದ ಛಾಯಾಚಿತ್ರ ಮಾತ್ರ ಸಾಮಾನ್ಯವಾಗಿ ತೆಗೆಸಿದವರದು. ಹಕ್ಕಿನ ವರ್ಗಾವಣೆ ಸಹಿಯುಳ್ಳ ಬರೆಹದಲ್ಲೇ ಇರಬೇಕೆಂದು 19ನೆಯ ಕಲಮು ಹೇಳುತ್ತದೆ. ಅವಧಿ ನಮೂದಿಸದಿದ್ದರೆ ಅದು 5 ವರ್ಷವೆಂದೇ ಎಣಿಕೆ. ಆದ್ದರಿಂದ ಒಂದು ಪುಟದ ಕರಾರಿನಲ್ಲಿ ಕೆಲಸದ ವಿವರ, ಮುಗಿಸುವ ದಿನಾಂಕ, ಹಕ್ಕು ಪೂರ್ಣಾವಧಿಗೆ ಸಂಘಕ್ಕೆ ಸೇರುವ ಮಾತು, ಎಲ್ಲ ಕಡತಗಳ ಪ್ರತಿ ಒಪ್ಪಿಸುವ ಮಾತು, ಮುಂದಿನ ದುರಸ್ತಿಯ ದರ ಇವಿಷ್ಟೂ ಇರಬೇಕು. ಹಣವನ್ನು ಮೂರು ಕಂತುಗಳಲ್ಲಿ, ಕೊನೆಯದನ್ನು ಕಡತಗಳು ಕೈಸೇರಿದ ಮೇಲೆ ಕೊಡುವುದು ಇಬ್ಬರಿಗೂ ಕ್ಷೇಮ. ದುಡಿದವರ ಕೂಲಿಯನ್ನು ಒಪ್ಪಿದ ದಿನವೇ ಕೊಡುವುದು ಸಂಘದ ಧರ್ಮವೂ ಹೌದು.

ಮೂರನೆಯದು ಭಾಷೆ. ಯುನಿಕೋಡ್‌ನ ಮೊದಲ ಆವೃತ್ತಿಯಲ್ಲೇ, 1991ರಲ್ಲಿ, ಕನ್ನಡಕ್ಕೆ ಸ್ಥಾನ ದೊರೆತಿತ್ತು. ಆದರೂ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಬರೆಹವನ್ನು ಚಿತ್ರವಾಗಿಸಿ ಪುಟಕ್ಕೆ ಅಂಟಿಸುವ ರೂಢಿ ಪೂರ್ತಿ ಹೋಗಿಲ್ಲ. ಚಿತ್ರವಾದ ಅಕ್ಷರವನ್ನು ಹುಡುಕುಯಂತ್ರಗಳು ಸರಿಯಾಗಿ ಗುರುತಿಸಲಾರವು. ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶವೂ ಅದರ ಮುಂದೆ ಸೋಲುತ್ತದೆ. ಪುಟದ ಭಾರವೂ ಮುಖ್ಯ. ಬಂಡೆಗಳ ಮರೆಯಲ್ಲಿ ಸಿಗ್ನಲ್ ದುರ್ಬಲವಾಗಿರುವ ಊರಿನಲ್ಲಿ ದೊಡ್ಡ ಚಿತ್ರಗಳು ತೆರೆಯುವುದೇ ಇಲ್ಲ. ವಿನ್ಯಾಸಕಾರರು ಹಿಂದೆ ಮಾಡಿದ ತಾಣಗಳನ್ನು ಅವರ ಕಚೇರಿಯ ಗಣಕದಲ್ಲಿ ನೋಡಿದರೆ ಸಾಲದು. ಊರಿನ ಕಟ್ಟೆಯ ಮೇಲೆ ಕುಳಿತು, ಕಡಿಮೆ ಬೆಲೆಯ ಮೊಬೈಲಿನಲ್ಲಿ ತೆರೆದು ನೋಡಬೇಕು.

ಪುಟದಲ್ಲಿ ಬರೆಯುವ ಮಾತಿನ ಹೊಣೆಯನ್ನೂ ಬೇರೆಯವರಿಗೆ ಬಿಡಲಾಗದು. ಅಲಂಕಾರಕ್ಕೆಂದು ವಿನ್ಯಾಸಕಾರರು ‘ಶೇಕಡಾ 100 ಸಾವಯವ’ ಎಂದು ಬರೆದುಬಿಡಬಹುದು. ಸಾವಯವ ಆಹಾರ ಕುರಿತ 2017ರ ನಿಯಮಗಳ ಪ್ರಕಾರ ಹಾಗೆ ಹೇಳಿ ಮಾರಲು ಎನ್‌ಪಿಒಪಿ ಅಥವಾ ಪಿಜಿಎಸ್-ಇಂಡಿಯಾ ದೃಢೀಕರಣ ಬೇಕು. ಗ್ರಾಹಕರಿಗೆ ನೇರವಾಗಿ ಮಾರುವ ಸಣ್ಣ ಉತ್ಪಾದಕರಿಗೆ ಮಾತ್ರ ವಿನಾಯಿತಿ. ಹುಣಸೆಹಣ್ಣು ಯಾವ ಊರಿನದು, ಸಜ್ಜೆ ಯಾವ ಹಂಗಾಮಿನದು ಎಂದು ಸರಳವಾಗಿ ಬರೆದರೆ ಅದಕ್ಕಿಂತ ಹೆಚ್ಚಿನ ನಂಬಿಕೆ ಹುಟ್ಟುತ್ತದೆ.

ಇಷ್ಟೆಲ್ಲ ತೊಡಕೇಕೆ, ವಾಟ್ಸ್‌ಆ್ಯಪ್ ಸಾಲದೆ ಎಂಬ ಮಾತಿನಲ್ಲಿ ಹುರುಳಿದೆ. ಆರಂಭಕ್ಕೆ ಅದು ಸಾಕು. ಆದರೆ ಅದು ಬೇರೆಯವರ ಜಾಗ; ಖಾತೆ ನಿಂತ ದಿನ ಗ್ರಾಹಕರ ದಾರಿಯೂ ಮುಚ್ಚುತ್ತದೆ. ಸಂಕರ ಬೀಜವನ್ನು ಪ್ರತಿವರ್ಷ ಕೊಳ್ಳಬೇಕಾದ ರೈತನಿಗೂ, ಮನೆಯ ಗುಡಾಣದಲ್ಲಿ ಬೀಜ ಕಾಯ್ದಿಟ್ಟ ರೈತನಿಗೂ ಇರುವ ವ್ಯತ್ಯಾಸವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕೊಪ್ಪಳ, ಗಂಗಾವತಿಯ ಕಾಲೇಜುಗಳಲ್ಲಿ ಈ ವಿದ್ಯೆ ಕಲಿಯುತ್ತಿರುವ ಮಕ್ಕಳು ಪ್ರತಿ ಊರಿನಲ್ಲೂ ಇದ್ದಾರೆ. ಹಿತ್ತಲ ಗಿಡ ಮದ್ದಲ್ಲವೆಂದು ಅವರನ್ನು ಕಡೆಗಣಿಸಿ ದೂರದವರನ್ನು ಅರಸುವುದು ಸರಿಯಲ್ಲ. ಊರಿನ ಹುಡುಗನೆಂದು ಪುಕ್ಕಟೆ ದುಡಿಸಿಕೊಳ್ಳುವುದೂ ಸರಿಯಲ್ಲ. ಅವರಿಗೆ ನ್ಯಾಯವಾದ ಕೂಲಿ ಕೊಡಬೇಕು. ಪುಟ ತಿದ್ದುವುದನ್ನು ಸಂಘದ ಒಬ್ಬಿಬ್ಬರು ಹೆಣ್ಣುಮಕ್ಕಳಿಗೆ ಕಲಿಸಿಕೊಡುವುದನ್ನು ಕರಾರಿನಲ್ಲಿ ಸೇರಿಸಬೇಕು. ವಿದ್ಯಾರ್ಥಿ ನಾಳೆ ಕೆಲಸಕ್ಕೆಂದು ಬೆಂಗಳೂರಿಗೆ ಹೋಗಬಹುದು, ಹೋಗಲಿ. ಹೆಸರು, ಬೀಗದ ಕೈ ಮತ್ತು ತಿದ್ದುವ ವಿದ್ಯೆ ಊರಿನಲ್ಲಿ ಉಳಿದಿದ್ದರೆ ಅಂಗಡಿಯ ಬಾಗಿಲು ತೆರೆದೇ ಇರುತ್ತದೆ.