ಹೇನು ಬಂದರೆ ಮುಚ್ಚಿಡುವುದು ಯಾಕೆ?

"ಇದೆಲ್ಲ ಪೇಪರಿನಲ್ಲಿ ಬರೆಯುವ ವಿಷಯವಾ?" ಎಂದು ನಮ್ಮ ಮನೆಯಲ್ಲೇ ಕೇಳಿದರು. ಆ ಮಾತು ಕೇಳಿದ ಮೇಲೆಯೇ ಬರೆಯಬೇಕು ಅಂತ ಗಟ್ಟಿಯಾಯಿತು. 'ಪೇನ್' ಎಂಬ ಶಬ್ದ ಬಂದ ಕೂಡಲೇ ನಮ್ಮ ಹೆಂಗಸರ ದನಿ ತಗ್ಗುತ್ತದೆ. ಮಗುವಿಗೆ ಜ್ವರ ಬಂದರೆ ಆಚೀಚೆಯ ಹತ್ತು ಮನೆಗೆ ಗೊತ್ತಾಗುತ್ತದೆ. ತಲೆಯಲ್ಲಿ ಹೇನಾದರೆ ಮಾತ್ರ ಪಕ್ಕದ ಕೋಣೆಯ ನಾದಿನಿಗೂ ಹೇಳುವುದಿಲ್ಲ. ಹೇನು ಮನೆಯಲ್ಲಿ ಬೇರೂರುವುದು ಈ ಗುಟ್ಟಿನಿಂದಲೇ ಎನ್ನುವುದು ನಮ್ಮ ಅನುಭವ.

ಕಳೆದ ಬೇಸಗೆ ರಜೆಯಲ್ಲಿ ನಮ್ಮಲ್ಲಿ ಹನ್ನೊಂದು ಮಕ್ಕಳು ಸೇರಿದ್ದರು. ಗಲ್ಫಿನಿಂದ ಬಂದವರು, ಬೆಂಗಳೂರಿನಿಂದ ಬಂದವರು, ಮನೆಯಲ್ಲೇ ಇರುವವರು. ಹಗಲು ಒಂದೇ ಮೊಬೈಲಿನ ಮೇಲೆ ಆರು ತಲೆ ಬಗ್ಗುವುದು, ರಾತ್ರಿ ಚಾವಡಿಯಲ್ಲಿ ಸಾಲಾಗಿ ಚಾಪೆ ಹಾಸಿ ತಲೆಗೆ ತಲೆ ತಾಗಿಸಿ ಮಲಗುವುದು. ನಡುವೆ ಕುಟುಂಬದಲ್ಲೊಂದು ಮದುವೆ. ಮೈಲಾಂಜಿ ರಾತ್ರಿ ಹುಡುಗಿಯರೆಲ್ಲ ಒಂದೇ ಕೋಣೆಯಲ್ಲಿ, ಒಂದೇ ಬಾಚಣಿಗೆ. ರಜೆ ಮುಗಿಯುವ ಹೊತ್ತಿಗೆ ಒಬ್ಬಳು ಕಿವಿಯ ಹಿಂದೆ ಪರಪರ ಕೆರೆಯತೊಡಗಿದಳು.

ಅವಳ ಉಮ್ಮ ಗುಟ್ಟಾಗಿ ಬಚ್ಚಲಿಗೆ ಕರೆದುಕೊಂಡು ಹೋಗಿ ಮದ್ದು ಹಾಕಿ ತೊಳೆದರು. ಹತ್ತು ದಿನ ಬಿಟ್ಟು ಇನ್ನೊಬ್ಬರಿಗೆ ತಮ್ಮ ಮಗಳ ತಲೆಯಲ್ಲಿ ಕಂಡಿತು. ಅವರೂ ಗುಟ್ಟಾಗಿಯೇ ತೊಳೆದರು. ಒಂದು ತಲೆ ಚೊಕ್ಕವಾಗುವಾಗ ಇನ್ನೊಂದರಲ್ಲಿ ತುಂಬಿರುತ್ತಿತ್ತು. ಹೀಗೆ ಎರಡು ತಿಂಗಳು ಹೇನು ನಮ್ಮ ಮನೆಯೊಳಗೇ ಸುತ್ತು ಹಾಕಿತು. ಕೊನೆಗೆ ವಿಷಯ ಹೊರಬಿದ್ದಾಗ ಮದ್ದಿನ ಮಾತಿಗಿಂತ ಮೊದಲು ಬಂದದ್ದು "ಯಾರ ಮಗುವಿನಿಂದ ಬಂತು?" ಎಂಬ ಪ್ರಶ್ನೆ. ಆ ಸಿಟ್ಟಿನಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳ ಸೊಂಟದವರೆಗಿನ ಕೂದಲನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿಬಿಟ್ಟೆವು. ಅವಳು ಒಂದು ವಾರ ಮದ್ರಸಕ್ಕೆ ಹೋಗಲಿಲ್ಲ. "ನನ್ನಿಂದಲಾ ಎಲ್ಲರಿಗೂ ಬಂದದ್ದು?" ಎಂದು ರಾತ್ರಿ ಕೇಳುತ್ತಿದ್ದಳು. ಅದು ಬೇರೆ ಯಾರೂ ಮಾಡಿದ್ದಲ್ಲ, ನಾವೇ ಮಾಡಿದ ತಪ್ಪು. ಕತ್ತರಿಸುವ ಅಗತ್ಯವೇ ಇರಲಿಲ್ಲ ಎಂದು ಗೊತ್ತಾದದ್ದು ಆಮೇಲೆ.

ಯಾರಿಂದ ಬಂತು ಎಂಬ ಪಂಚಾಯಿತಿಗೆ ಅರ್ಥವೇ ಇಲ್ಲ. ಮೊದಲ ಸಲ ಹೇನಾದ ಮಗುವಿಗೆ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಹಿಡಿಯಬಹುದು. ಅಂದರೆ ಮೊದಲು ಕೆರೆದುಕೊಂಡವಳೇ ಮೊದಲು ತಂದವಳು ಎನ್ನುವಂತಿಲ್ಲ. ಹೇನು ಹಾರುವುದಿಲ್ಲ, ನೆಗೆಯುವುದಿಲ್ಲ, ತೆವಳುತ್ತದೆ ಅಷ್ಟೆ. ತಲೆಗೆ ತಲೆ ತಾಗಿದಾಗ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ಬಾಚಣಿಗೆ, ಟೊಪ್ಪಿ, ಸ್ಕಾರ್ಫ್ ಬದಲಾಯಿಸಿಕೊಂಡರೂ ಕೆಲವೊಮ್ಮೆ ದಾಟೀತು. ದಿನಾ ತಲೆಸ್ನಾನ ಮಾಡಿಸುವ ಮನೆಗೂ ಬರುತ್ತದೆ, ಎ.ಸಿ. ಇರುವ ಫ್ಲ್ಯಾಟಿಗೂ ಬರುತ್ತದೆ. ಸ್ಕಾರ್ಫ್ ಹಾಕುವುದರಿಂದಲೇ ಹೇನಾಗುತ್ತದೆ ಎನ್ನುವವರಿದ್ದಾರೆ. ಅದೂ ಸರಿಯಲ್ಲ, ಬಟ್ಟೆಯ ಅಡಿಯಲ್ಲಿ ಹೇನು ತಾನಾಗಿ ಹುಟ್ಟುವುದಿಲ್ಲ. ತಲೆಹೇನು ರೋಗ ಹರಡುವುದೂ ಇಲ್ಲ. ಕೆರೆದು ಗಾಯ ಮಾಡಿಕೊಂಡರೆ ಅದು ಕೀವಾಗಬಹುದು, ನಿದ್ದೆ ಕೆಡಬಹುದು, ಅಷ್ಟೆ.

ನಾಚಿಕೆಪಡುವವರು ಒಂದು ಘಟನೆ ನೆನಪಿಸಿಕೊಳ್ಳಲಿ. ಹುದೈಬಿಯ್ಯಾದಲ್ಲಿ ಇಹ್ರಾಮಿನಲ್ಲಿದ್ದ ಕಅಬ್ ಬಿನ್ ಉಜ್ರಾ (ರ) ಅವರ ತಲೆಯಿಂದ ಹೇನುಗಳು ಮುಖದ ಮೇಲೆ ಉದುರುತ್ತಿದ್ದವು. ಅದನ್ನು ಕಂಡ ಪ್ರವಾದಿ (ಸ) ಅವರು ಬೈಯಲಿಲ್ಲ, ದೂರ ಸರಿಯಲಿಲ್ಲ. ತೊಂದರೆಯಾಗುತ್ತಿದೆಯಾ ಎಂದು ವಿಚಾರಿಸಿ, ತಲೆ ಬೋಳಿಸಿಕೊಂಡು ಅದಕ್ಕೆ ಬದಲಾಗಿ ಮೂರು ದಿನ ಉಪವಾಸ, ಇಲ್ಲವೇ ಆರು ಮಂದಿ ಬಡವರಿಗೆ ಊಟ, ಇಲ್ಲವೇ ಒಂದು ಬಲಿ ಎಂದು ದಾರಿ ತೋರಿಸಿದರು. ಒಬ್ಬ ಸಹಾಬಿಯ ತಲೆಯ ಹೇನಿನ ಸಂಗತಿ ಹದೀಸ್ ಗ್ರಂಥಗಳಲ್ಲೇ ಮುಚ್ಚುಮರೆಯಿಲ್ಲದೆ ದಾಖಲಾಗಿರುವಾಗ, ನಮ್ಮ ಮಕ್ಕಳ ತಲೆಯ ಹೇನನ್ನು ನಾವು ಮುಚ್ಚಿಡುವುದು ಯಾರಿಗೆ ಹೆದರಿ?

ಗುಟ್ಟಿನ ಇನ್ನೊಂದು ಅಪಾಯವಿದೆ. ಯಾರನ್ನೂ ಕೇಳದೆ, ಕೈಗೆ ಸಿಕ್ಕಿದ್ದನ್ನು ಮಗುವಿನ ತಲೆಗೆ ಸುರಿಯುತ್ತೇವೆ. ಚಿಮಿಣಿ ಎಣ್ಣೆ ಹಾಕುವ ಮನೆಗಳು ಈಗಲೂ ಇವೆ. ಅದು ಚರ್ಮ ಸುಡುತ್ತದೆ, ಒಲೆಯ ಹತ್ತಿರ ಹೋದರೆ ಮಗುವಿಗೇ ಬೆಂಕಿ ಹಿಡಿಯುತ್ತದೆ. ತೋಟಕ್ಕೆ ಹೊಡೆಯುವ ಮದ್ದು, ತಿಗಣೆಯ ಮದ್ದು ತಲೆಗೆ ಹಾಕಿದರೆ ಚರ್ಮದ ಮೂಲಕ ವಿಷ ಒಳಗೆ ಹೋಗುತ್ತದೆ. ಸೀತಾಫಲದ ಬೀಜ ಅರೆದು ಹಚ್ಚುವುದು ಹಳೆಯ ಪದ್ಧತಿ. ಅದರ ಹನಿ ಕಣ್ಣಿಗೆ ಬಿದ್ದರೆ ಕಣ್ಣಿನ ಪಾಪೆಗೇ ಗಾಯ. ಕರ್ಪೂರದ ಎಣ್ಣೆ ಮಗುವಿನ ಹೊಟ್ಟೆಗೆ ಹೋದರೆ ಫಿಟ್ಸ್ ಬರಬಹುದು. ಹೇನು ಯಾರ ಪ್ರಾಣವನ್ನೂ ತೆಗೆಯುವುದಿಲ್ಲ, ಈ ಮದ್ದುಗಳು ತೆಗೆಯಬಹುದು.

ಹಾಗಾದರೆ ಮಾಡುವುದೇನು? ನಮಗೆ ಫಲ ಕೊಟ್ಟದ್ದು ಒಂದೇ ಸೂತ್ರ: ಎಲ್ಲ ತಲೆ, ಒಂದೇ ದಿನ. ಒಂದು ಶುಕ್ರವಾರ ಅಸರ್ ನಮಾಝಿನ ನಂತರ ಮನೆಯ ಹಿರಿಯ ಉಮ್ಮ ಎಲ್ಲರನ್ನೂ ಜಗಲಿಯಲ್ಲಿ ಕೂರಿಸಿದರು. ಗಂಡುಮಕ್ಕಳು, ನಾವು ಸೊಸೆಯಂದಿರು, ಕೊನೆಗೆ ಅವರದೇ ತಲೆ. ಒದ್ದೆ ಕೂದಲಿಗೆ ಕಂಡೀಷನರೋ ತೆಂಗಿನೆಣ್ಣೆಯೋ ಹಚ್ಚಿ, ಸಣ್ಣ ಹಲ್ಲಿನ ಹೇನಿನ ಬಾಚಣಿಗೆಯಿಂದ ಬುಡದಿಂದ ತುದಿಯವರೆಗೆ ಎಳೆದು, ಪ್ರತಿ ಸಲ ಬಿಳಿ ಬಟ್ಟೆಗೆ ಒರೆಸಿ ನೋಡಬೇಕು. ಎಣ್ಣೆಯಿಂದ ಸೀರು ಸಾಯುವುದಿಲ್ಲ, ಆದರೆ ಬಾಚಣಿಗೆ ಸಲೀಸಾಗಿ ಓಡುತ್ತದೆ. ಮೂರು ದಿನಕ್ಕೊಮ್ಮೆ ಹೀಗೆ ಎರಡು ವಾರವಾದರೂ ಬಾಚಬೇಕು. ಆಮೇಲೂ ಜೀವಂತ ಹೇನು ಕಂಡರೆ ನಿಲ್ಲಿಸಬಾರದು.

ಜೀವಂತ ಹೇನು ಸಿಕ್ಕಿದ ತಲೆಗಳಿಗೆ ಮೆಡಿಕಲಿನಲ್ಲಿ ಸಿಗುವ 1% ಪರ್ಮೆಥ್ರಿನ್ ಲೋಷನ್ ಹಚ್ಚಿ, 10 ನಿಮಿಷ ಬಿಟ್ಟು ತೊಳೆಯಬೇಕು. ಹೆಚ್ಚಿನವರು ಸೋಲುವುದು ಇದರ ನಂತರ. ಸೀರು ಮದ್ದಿಗೆ ಪೂರ್ತಿ ಸಾಯುವುದಿಲ್ಲ, 7ರಿಂದ 10 ದಿನಗಳೊಳಗೆ ಒಡೆದು ಮರಿ ಬರುತ್ತದೆ. ಹಾಗಾಗಿ ಒಂಬತ್ತನೇ ದಿನದ ಹೊತ್ತಿಗೆ ಇನ್ನೊಮ್ಮೆ ಹಚ್ಚಲೇಬೇಕು. ಎರಡು ತಿಂಗಳೊಳಗಿನ ಕೂಸಿಗೆ ಹಚ್ಚಬಾರದು. ಗರ್ಭಿಣಿಯರು, ಎರಡು ಸಲ ಹಚ್ಚಿಯೂ ಹೇನು ಹೋಗದವರು ಡಾಕ್ಟರರನ್ನು ಕೇಳಲಿ. ಮನೆಯಿಡೀ ತೊಳೆದು ಬೆನ್ನು ಮುರಿದುಕೊಳ್ಳಬೇಕಾಗಿಲ್ಲ. ತಲೆಯಿಂದ ಬಿದ್ದ ಹೇನು ಒಂದೆರಡು ದಿನದಲ್ಲಿ ಸಾಯುತ್ತದೆ. ದಿಂಬಿನ ಕವರು, ಟವೆಲು, ಸ್ಕಾರ್ಫ್, ಟೊಪ್ಪಿಗಳನ್ನು ಬಿಸಿನೀರಿನಲ್ಲಿ ತೊಳೆದು ಒಳ್ಳೆಯ ಬಿಸಿಲಿಗೆ ಹಾಕಿದರೆ ಸಾಕು.

ಮದ್ರಸ, ಶಾಲೆಗಳಿಗೂ ಒಂದು ಮಾತು. ಹೇನಿದ್ದ ಮಗುವನ್ನು ಎಲ್ಲರೆದುರು ಎಬ್ಬಿಸಿ ನಿಲ್ಲಿಸುವುದು, ಹಿಂದಿನ ಬೆಂಚಿಗೆ ಕಳಿಸುವುದು, ಮನೆಗೆ ಓಡಿಸುವುದು ಬೇಡ. ಕಣ್ಣಿಗೆ ಕಾಣುವ ಹೊತ್ತಿಗೆ ಅದು ತಲೆಯಲ್ಲಿದ್ದು ವಾರಗಳಾಗಿರುತ್ತವೆ, ಆ ದಿನ ಹೊರಗೆ ಹಾಕಿ ಉಳಿಸುವುದು ಏನೂ ಇಲ್ಲ. ಉಸ್ತಾದರು ಮಗುವಿನ ಹೆಸರು ಹೇಳದೆ, ತರಗತಿಯ ಎಲ್ಲ ಮನೆಗಳಿಗೂ "ಈ ವಾರ ಮಕ್ಕಳ ತಲೆ ನೋಡಿ" ಎಂದು ವಾಟ್ಸ್ಆ್ಯಪಿನಲ್ಲಿ ಎರಡು ಸಾಲು ಹಾಕಲಿ. ಮದುವೆ, ಪೆರ್ನಾಲ್, ರಜೆ ಮುಗಿದ ಮೇಲೆ ಮನೆಮನೆಯಲ್ಲೂ ಒಂದು ಸಲ ಎಲ್ಲರ ತಲೆ ನೋಡುವ ರೂಢಿ ಬರಲಿ. ನಾದಿನಿಗೆ ಫೋನ್ ಮಾಡಿ, "ನಮ್ಮವಳ ತಲೆಯಲ್ಲಿ ಸಿಕ್ಕಿತು, ನಿಮ್ಮವರದ್ದೂ ನೋಡಿ" ಎಂದು ಹೇಳಲು ಒಂದು ನಿಮಿಷ ಸಾಕು. ಆ ಒಂದು ನಿಮಿಷದ ಧೈರ್ಯ ಇಲ್ಲದೆ ನಾವು ಎರಡು ತಿಂಗಳು ಕಳೆದೆವು.

ಆ ಹುಡುಗಿಯ ಕೂದಲು ಈಗ ಭುಜದವರೆಗೆ ಬಂದಿದೆ. ಮೊನ್ನೆ ಜಗಲಿಯಲ್ಲಿ ಬಾಚಣಿಗೆ ಹಿಡಿದು ಕೂತದ್ದು ಕಂಡು, "ಇವತ್ತು ಎಲ್ಲರದ್ದೂ ನೋಡ್ತೀರಾ, ನನ್ನದು ಮಾತ್ರವಾ?" ಎಂದು ಕೇಳಿದಳು. ಎಲ್ಲರದ್ದೂ ಎಂದೆವು. ಬಂದು ಮಡಿಲ ಹತ್ತಿರ ಕುಳಿತಳು.