ಹೆಣ್ಣುಮಕ್ಕಳ ಕೂದಲು, ರಾತ್ರಿಯ ತಲೆವಸ್ತ್ರ

ವಿದ್ಯಾಭ್ಯಾಸದ ಉನ್ನತ ಧ್ಯೇಯಗಳನ್ನು ಕುರಿತು ಈ ಸ್ಮರಣ ಸಂಚಿಕೆಯಲ್ಲಿ ಬರೆಯುವವರು ಹಲವರಿರುವರು. ನಾವಾದರೋ ಕೂದಲನ್ನು ಕುರಿತು ಬರೆಯಲು ಕುಳಿತಿದ್ದೇವೆ. ನಮ್ಮ ಪೂರ್ವ ವಿದ್ಯಾರ್ಥಿನಿಯರು ಇದನ್ನು ಕಂಡು ನಗುವರೆಂದು ಬಲ್ಲೆವು. ಆದರೆ ಬೆಳಗಿನ ಪ್ರಾರ್ಥನೆಗೆ ತಡವಾಗಿ ಬಂದ ಬಾಲಿಕೆಯರನ್ನು ಬಾಗಿಲಲ್ಲಿ ನಿಲ್ಲಿಸಿ ಕಾರಣ ಕೇಳಿದರೆ, ಬಸ್ಸಿನ ಮೇಲೆ ತಪ್ಪು ಹೊರಿಸುವವರಿಗಿಂತ ಜಡೆಯ ಮೇಲೆ ಹೊರಿಸುವವರೇ ಹೆಚ್ಚು. ಆದಕಾರಣ ಈ ವಿಷಯವು ಮುಖ್ಯೋಪಾಧ್ಯಾಯಿನಿಯ ಗಮನಕ್ಕೆ ಅನರ್ಹವಾದುದೆಂದು ನಮಗೆ ತೋರುವುದಿಲ್ಲ.

ಮೇಲಿನ ತರಗತಿಗಳ ಕೆಲವು ಹೆಣ್ಣುಮಕ್ಕಳು ಈಚೆಗೆ ಮೊಬೈಲು ಫೋನಿನಲ್ಲಿ ನೋಡಿ ಒಂದು ಪದ್ಧತಿಯನ್ನು ಕಲಿತಿದ್ದಾರೆ. ಮಲಗುವ ಮುನ್ನ ಒಣಗಿದ ಕೂದಲನ್ನು ಸಿಕ್ಕು ಬಿಡಿಸಿ, ಒಂದೇ ದಿಕ್ಕಿಗೆ ತಲೆಯ ಸುತ್ತಲೂ ಚಪ್ಪಟೆಯಾಗಿ ಬಾಚಿ, ಅಲ್ಲಲ್ಲಿ ಪಿನ್ನು ಸಿಕ್ಕಿಸಿ, ಮೇಲೆ ನುಣುಪಾದ ಬಟ್ಟೆಯನ್ನು ಕಟ್ಟಿಕೊಳ್ಳುವುದು. ಬೆಳಿಗ್ಗೆ ಬಿಚ್ಚಿದರೆ ಕೂದಲು ಮಟ್ಟಸವಾಗಿ ಇಳಿಬೀಳುವುದು. ಅಮೆರಿಕೆಯಲ್ಲಿಯೂ ಡೊಮಿನಿಕನ್ ಗಣರಾಜ್ಯದಲ್ಲಿಯೂ ಆಫ್ರಿಕಾ ಮೂಲದ ಸ್ತ್ರೀಯರಲ್ಲಿ ಇದು ಬಹುಕಾಲದಿಂದ ಬಳಕೆಯಲ್ಲಿದೆ. ಅಲ್ಲಿ ಇದಕ್ಕೆ ಡೂಬಿ ಎಂಬ ಹೆಸರೂ ಉಂಟು. ಇಲ್ಲಿನ ಕೆಲವು ತಾಯಂದಿರು ನಮ್ಮಲ್ಲಿಗೆ ಬಂದು, “ಅಮ್ಮನವರೇ, ಇದು ಎಲ್ಲಿಯ ವೇಷ? ನೀವಾದರೂ ಬೇಡವೆಂದು ಹೇಳಿ” ಎಂದು ಕೇಳಿಕೊಂಡರು. ನಾವು ಬೇಡವೆಂದು ಹೇಳಲಿಲ್ಲ, ಹೇಳುವುದೂ ಇಲ್ಲ.

ಏತಕ್ಕೆಂದರೆ ಈ ಪದ್ಧತಿಯಲ್ಲಿ ವಿಜ್ಞಾನಕ್ಕೆ ವಿರುದ್ಧವಾದುದೇನೂ ಇಲ್ಲ. ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆದುದು. ಅದರ ಎಳೆಗಳನ್ನು ಹಿಡಿದಿಡುವ ಬಂಧಗಳಲ್ಲಿ ಹೈಡ್ರೋಜನ್ ಬಂಧಗಳು ದುರ್ಬಲವಾದುವು. ನೀರು ತಗಲಿದೊಡನೆ ಸಡಿಲವಾಗಿ, ಒಣಗುವಾಗ ಕೂದಲು ಯಾವ ಆಕಾರದಲ್ಲಿರುವುದೋ ಆ ಆಕಾರದಲ್ಲಿಯೇ ಅವು ಮತ್ತೆ ಕೂಡಿಕೊಳ್ಳುವುವು. ಒದ್ದೆ ಜಡೆಯನ್ನು ಸಂಜೆ ಬಿಚ್ಚಿದಾಗ ಕೂದಲು ಅಲೆಅಲೆಯಾಗಿರುವುದು ಇದರಿಂದಲೇ. ತಲೆಗೆ ಸುತ್ತಿದ ಕೂದಲಿಗೆ ತಲೆಯೇ ಒಂದು ದೊಡ್ಡ ಉರುಳೆಯಾಗಿ, ಸಣ್ಣ ಸುರುಳಿಗಳು ಚಪ್ಪಟೆಯಾಗುವುವು. ಮಳೆಗಾಲದ ತೇವವು ತಗಲಿದರೆ ಈ ಶ್ರಮವೆಲ್ಲ ವ್ಯರ್ಥ. ಮಂಗಳೂರಿನ ಕಡೆಯ ನೆಂಟರ ಮನೆಗೆ ಹೋದವರು ಇದನ್ನು ಬಲ್ಲರು. ನಾವು ಹೇಳುವ ಎಚ್ಚರಿಕೆ ಎರಡೇ. ಒದ್ದೆ ಕೂದಲನ್ನು ಸುತ್ತಿ ಮಲಗಬಾರದು. ರಾತ್ರಿಯೆಲ್ಲ ತೇವ ನಿಂತು ತಲೆ ನಾರುವುದು, ಕೆರೆತವೂ ಹತ್ತುವುದು. ಬಿಗಿಯಾಗಿಯೂ ಕಟ್ಟಬಾರದು; ಹಣೆಯಂಚಿನ ಕೂದಲನ್ನು ದಿನವೂ ಎಳೆದು ಕಟ್ಟಿದರೆ ಅದು ಬುಡಸಹಿತ ಉದುರಿ, ಕೆಲವು ಕಾಲದ ಮೇಲೆ ಮತ್ತೆ ಹುಟ್ಟದೆ ಹೋಗಲೂ ಬಹುದು. ಈ ಎರಡನೆಯ ಎಚ್ಚರಿಕೆಯು ಜಡೆ ಹೆಣೆಯುವ ತಾಯಂದಿರಿಗೂ ಸಲ್ಲುತ್ತದೆ.

ವೇಷವು ಹೊಸದೆಂಬ ಮಾತೂ ಅರ್ಧ ಮಾತ್ರ ಸರಿ. ನಮ್ಮ ಅಜ್ಜಿಯರು ಎಣ್ಣೆನೀರಿನ ದಿನ ಸೀಗೆಕಾಯಿ ಹಾಕಿ ತಲೆ ತೊಳೆದು, ಸಾಂಬ್ರಾಣಿಯ ಹೊಗೆಯಲ್ಲಿ ಕೂದಲನ್ನು ಒಣಗಿಸಿ, ರಾತ್ರಿ ಸಡಿಲವಾದ ಒಂದು ಜಡೆ ಹಾಕಿಕೊಂಡು, ದಿಂಬಿಗೆ ಎಣ್ಣೆ ಹತ್ತದಂತೆ ಹಳೆಯ ಸೀರೆಯ ತುಂಡನ್ನು ತಲೆಗೆ ಕಟ್ಟಿ ಮಲಗುತ್ತಿರಲಿಲ್ಲವೇ? ಹತ್ತಿಯ ಬಟ್ಟೆಗಿಂತ ರೇಷ್ಮೆಯಲ್ಲಿ ಉಜ್ಜಾಟ ಕಡಿಮೆ. ಕೂದಲು ತುಂಡಾಗುವುದೂ ಸಿಕ್ಕಾಗುವುದೂ ಕಡಿಮೆ. ಇದಕ್ಕಾಗಿ ಪರದೇಶದ ಸ್ಯಾಟಿನ್ ಟೊಪ್ಪಿಗೆಯನ್ನು ಹಣ ಕೊಟ್ಟು ತರಿಸುವವರನ್ನು ಕಂಡು ನಮಗೆ ಸೋಜಿಗವಾಗುತ್ತದೆ. 1912ರಿಂದ ಮೈಸೂರಿನಲ್ಲಿ ರೇಷ್ಮೆಯ ಕಾರ್ಖಾನೆ ನಡೆಯುತ್ತಿರುವ ನಾಡು ಇದು. ಪೆಟ್ಟಿಗೆಯ ತಳದಲ್ಲಿ ಜರಿ ಕಿತ್ತುಹೋದ ಹಳೆಯ ರೇಷ್ಮೆ ಸೀರೆಯೊಂದು ಎಷ್ಟೋ ಮನೆಗಳಲ್ಲಿ ಉಂಟು.

ಇನ್ನು ನಾಗಸಂದ್ರದ ಮನೆಗಳ ಬೆಳಗಿನ ಹೊತ್ತನ್ನು ನೋಡಿರಿ. ಪೀಣ್ಯದ ಗಾರ್ಮೆಂಟ್ಸಿಗೆ ಹೋಗುವ ತಾಯಿ ಮಗಳಿಗಿಂತ ಮೊದಲೇ ಮನೆ ಬಿಡುತ್ತಾಳೆ. 2015ರಲ್ಲಿ ಮೆಟ್ರೋ ಇಲ್ಲಿಯವರೆಗೆ ಬಂದ ಬಳಿಕ ದೂರದ ಕಛೇರಿಗಳಿಗೆ ಹೊರಡುವ ತಾಯಂದಿರೂ ಹೆಚ್ಚಿದ್ದಾರೆ. ಅಜ್ಜಿಯು ಊರಿನಲ್ಲಿ, ಅಕ್ಕನಿಗೆ ಕಾಲೇಜು. ಸೊಂಟದವರೆಗಿನ ದಟ್ಟ ಕೂದಲನ್ನು ಹದಿಮೂರು ವರ್ಷದ ಹುಡುಗಿಯು ತಾನೇ ಬಾಚಿ ಎರಡು ಜಡೆ ಹಾಕಿಕೊಳ್ಳಬೇಕಾದರೆ ಅರ್ಧ ಗಂಟೆ ಬೇಕು. ಕೊಳವೆಬಾವಿಯ ಗಡಸು ನೀರಿನಲ್ಲಿ ತೊಳೆದ ಕೂದಲಾದರೆ ಇನ್ನೂ ಹೆಚ್ಚು. ಆ ಹೊತ್ತಿನಲ್ಲಿ ಬಿಟ್ಟುಹೋಗುವುದು ಅವಳ ಬೆಳಗಿನ ತಿಂಡಿ. ರಾತ್ರಿಯೇ ಸಿಕ್ಕು ಬಿಡಿಸಿ ತಲೆ ಕಟ್ಟಿ ಮಲಗಿದವಳಿಗೆ ಬೆಳಿಗ್ಗೆ ಹತ್ತು ನಿಮಿಷ ಸಾಕೆಂದು ನಮ್ಮ ವಿದ್ಯಾರ್ಥಿನಿಯರೇ ಹೇಳುತ್ತಾರೆ. ತಿಂಡಿ ತಿಂದು ಬಂದ ಮಗುವಿಗೂ ತಿನ್ನದೆ ಬಂದ ಮಗುವಿಗೂ ಇರುವ ಭೇದವನ್ನು ಎರಡನೆಯ ಪೀರಿಯಡ್ಡಿನ ಗಣಿತದಲ್ಲಿ ನಾವು ನಿತ್ಯ ಕಾಣುತ್ತೇವೆ.

ಹಾಗಾದರೆ ನಮ್ಮ ಆಕ್ಷೇಪವೇನು? ಬಟ್ಟೆಯ ಮೇಲೆ ಆಕ್ಷೇಪವಿಲ್ಲ. ಬಟ್ಟೆ ಕಟ್ಟಿಸುವ ನಾಚಿಕೆಯ ಮೇಲೆ ಇದೆ. ಬೆಳಗಿನ ಅನುಕೂಲಕ್ಕಾಗಿ ಸುತ್ತಿಕೊಳ್ಳುವವಳೊಬ್ಬಳಾದರೆ, ತನ್ನ ಗುಂಗುರು ಕೂದಲು ಕುರೂಪವೆಂದು ನಂಬಿ ಸುತ್ತಿಕೊಳ್ಳುವವಳು ಮತ್ತೊಬ್ಬಳು. ಕಾಗೆಗೂಡು, ಸ್ಪ್ರಿಂಗು, ಪೊರಕೆ ಎಂಬ ಅಡ್ಡಹೆಸರುಗಳನ್ನು ಅವಳು ಮೊದಲು ಕೇಳಿದ್ದು ಶಾಲೆಯಲ್ಲಲ್ಲ, ಮದುವೆ ಮನೆಗಳಲ್ಲಿ. ಸ್ವಂತ ಚಿಕ್ಕಮ್ಮ ಸೋದರತ್ತೆಯರ ಬಾಯಿಂದ. ಬಟ್ಟೆಯಿಂದ ತೃಪ್ತಿಯಾಗದಾಗ ಅವಳು ಕಾದ ಕಬ್ಬಿಣಕ್ಕೆ ಕೈಹಾಕುತ್ತಾಳೆ. ನೀರು ಕುದಿಯುವುದು 100 ಡಿಗ್ರಿಯಲ್ಲಿ. ಈ ಉಪಕರಣವು 200 ಡಿಗ್ರಿಯವರೆಗೂ ಕಾಯುತ್ತದೆ. ಅಲ್ಲಿಂದ ಮುಂದಿನ ಮೆಟ್ಟಿಲು ಬ್ಯೂಟಿ ಪಾರ್ಲರು. ಕೂದಲನ್ನು ತಿಂಗಳುಗಟ್ಟಲೆ ನೇರವಾಗಿಡುವುದಾಗಿ ಹೇಳುವ ದ್ರವಗಳಲ್ಲಿ ಕೆಲವು ಕಾಯಿಸಿದಾಗ ಫಾರ್ಮಾಲ್ಡಿಹೈಡನ್ನು ಹೊರಬಿಡುತ್ತವೆ. ಇದು ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ನಿರ್ಣಯಿಸಿತು. ಹತ್ತನೆಯ ತರಗತಿಯ ಮಗಳಿಗೆ ಹುಟ್ಟುಹಬ್ಬದ ಉಡುಗೊರೆಯಾಗಿ ಇದನ್ನು ಮಾಡಿಸುವ ತಂದೆತಾಯಿಗಳು ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು ಒಮ್ಮೆ ಓದಬೇಕೆಂದು ಕೋರುತ್ತೇವೆ. ಎಷ್ಟು ವ್ಯಯ ಮಾಡಿದರೂ ಬುಡದಿಂದ ಹೊಸದಾಗಿ ಬರುವ ಕೂದಲು ಗುಂಗುರಾಗಿಯೇ ಬರುವುದು. ಅದರ ಆಕಾರವು ನೆತ್ತಿಯ ಚರ್ಮದೊಳಗಿನ ಕೂಪದಲ್ಲಿಯೇ ನಿಶ್ಚಿತವಾಗಿದೆ.

ಗುಂಗುರು ಕೂದಲು ನಮ್ಮ ನಾಡಿನದಲ್ಲವೆಂದು ಹೇಳುವವರು ಯಲ್ಲಾಪುರ, ಹಳಿಯಾಳ, ಮುಂಡಗೋಡು, ಅಂಕೋಲೆಗಳ ಕಡೆಗೆ ಹೋಗಿ ಬರಲಿ. ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ದಾಸರನ್ನಾಗಿ ತಂದವರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡುಗಳನ್ನು ಸೇರಿದರು. ಅವರ ಸಂತತಿಯಾದ ಸಿದ್ದಿ ಜನರು ಹಿಂದೂ, ಮುಸಲ್ಮಾನ, ಕ್ರೈಸ್ತ ಈ ಮೂರು ಮತಗಳಲ್ಲಿಯೂ ಇದ್ದಾರೆ. 2003ರಲ್ಲಿ ಅವರು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರು; 2020ರಲ್ಲಿ ಶಾಂತಾರಾಮ ಸಿದ್ದಿಯವರು ನಮ್ಮ ವಿಧಾನ ಪರಿಷತ್ತಿನ ಸದಸ್ಯರಾದರು. ಕನ್ನಡಿಗರ ಕೂದಲು ಹೀಗೆಯೇ ಇರತಕ್ಕದ್ದೆಂದು ವಿಧಿಸುವುದಕ್ಕೆ ಯಾರಿಗೂ ಅಧಿಕಾರವಿಲ್ಲ. ಅಮೆರಿಕೆಯ ಕ್ಯಾಲಿಫೋರ್ನಿಯಾ ಪ್ರಾಂತದವರು, ಕೂದಲಿನ ಸಹಜ ಸ್ವರೂಪವನ್ನು ನೆಪಮಾಡಿ ಶಾಲೆಯಲ್ಲಾಗಲಿ ಉದ್ಯೋಗದಲ್ಲಾಗಲಿ ಭೇದವೆಣಿಸಕೂಡದೆಂದು 2019ರಲ್ಲಿ ಕಾಯಿದೆಯನ್ನೇ ಮಾಡಿದರು. ನಮ್ಮಲ್ಲಿ ಕಾಯಿದೆಗೆ ಕಾಯಬೇಕಾದುದಿಲ್ಲ; ಚಿಕ್ಕಮ್ಮಂದಿರು ಬಾಯಿ ಬಿಗಿಹಿಡಿದರೆ ಮುಕ್ಕಾಲು ಕೆಲಸವಾಯಿತು.

ಶಾಲೆಯ ನಿಯಮವನ್ನು ಕುರಿತು ಒಂದು ಮಾತು. ಉದ್ದ ಕೂದಲನ್ನು ಎರಡು ಜಡೆ ಹೆಣೆದು ಮಡಿಸಿ ಟೇಪಿನಿಂದ ಕಟ್ಟತಕ್ಕದ್ದೆಂದು ನಿಯಮಾವಳಿಯಲ್ಲಿದೆ. ಹೇನು ಒಬ್ಬರಿಂದೊಬ್ಬರಿಗೆ ಹರಡದಿರಲಿ, ಪ್ರಯೋಗಶಾಲೆಯ ದೀಪಕ್ಕೆ ಬಿಡಿ ಕೂದಲು ತಗಲದಿರಲಿ ಎಂಬುದೇ ಅದರ ಉದ್ದೇಶ. ಚಪ್ಪಟೆ ಎಂಬ ಶಬ್ದವು ಅದರಲ್ಲಿ ಎಲ್ಲಿಯೂ ಇಲ್ಲ. ಜಡೆಯಿಂದ ಎದ್ದುನಿಲ್ಲುವ ಗುಂಗುರುಗಳನ್ನು ಎಣ್ಣೆ ಹಚ್ಚಿ ಅಂಟಿಸಿಕೊಂಡು ಬರಬೇಕೆಂದು ಯಾವ ಉಪಾಧ್ಯಾಯಿನಿಯೂ ಕೇಳುವುದಿಲ್ಲ. ಕೇಳಿದರೆ ಪೋಷಕರು ನೇರವಾಗಿ ನಮ್ಮ ಕೋಣೆಗೆ ಬರಬಹುದು.

ಹತ್ತನೆಯ ತರಗತಿಯವರ ಗುಂಪು ಛಾಯಾಚಿತ್ರದ ದಿನ ಜ್ವರವೆಂದು ಚೀಟಿ ಕಳುಹಿಸಿ ಮನೆಯಲ್ಲಿ ಉಳಿಯುವ ಹುಡುಗಿಯರು ಪ್ರತಿವರ್ಷವೂ ಒಬ್ಬಿಬ್ಬರು ಇರುತ್ತಾರೆ. ಆ ಜ್ವರವು ಎಂಥದೆಂದು ಈಗ ಓದುಗರಿಗೆ ತಿಳಿದಿರಬಹುದು. ಈ ಸಲ ಛಾಯಾಚಿತ್ರದ ದಿನಾಂಕವನ್ನು ಎರಡು ದಿನ ಮುಂಚೆ ತಿಳಿಸಲಾಗುವುದು. ರಾತ್ರಿ ಸುತ್ತಿ ಬರುವವರು ಸುತ್ತಿ ಬರಲಿ, ಹಾಗೆಯೇ ಬರುವವರು ಹಾಗೆಯೇ ಬರಲಿ. ಹೊಲಿಗೆಯ ಕೋಣೆಯಲ್ಲಿ ಕನ್ನಡಿಯನ್ನೂ ಹೊಸ ಟೇಪುಗಳನ್ನೂ ಇಡಿಸಲಾಗುವುದು. ಬಾಚಣಿಗೆಯನ್ನು ಮಾತ್ರ ಹೇನಿನ ಕಾರಣದಿಂದ ಅವರವರ ಮನೆಯಿಂದಲೇ ತರತಕ್ಕದ್ದು.